ಹೂಂಗುಟ್ಟಿದ್ದು

ಮಾರ್ಚ್ ೩, ಸೋಮವಾರ

ಕಂಪನಿಯವರು ಸಹಿ ಹಾಕಿಸಿಕೊಂಡ ಕಾಗದದಲ್ಲಿ, ಶೆಡ್ಡಿನಲ್ಲಿ ಕಂಡದ್ದನ್ನು ಹೊರಗೆ ಯಾರಿಗೂ ಹೇಳಕೂಡದು ಎಂದಿದೆ. ಬರೆಯಕೂಡದು ಎಂದಿಲ್ಲ. ಎರಡು ಸಲ ಓದಿ ನೋಡಿದೆ. ಆದ್ದರಿಂದ ಈ ಪುಸ್ತಕ. ಇದು ನನ್ನ ಟ್ರಂಕಿನಲ್ಲಿ, ಚಳಿಗಾಲದ ಬಟ್ಟೆಯ ಕೆಳಗೆ ಇರುತ್ತದೆ.

ಕೆಲಸ ಹಿಡಿದು ಇವತ್ತಿಗೆ ಎರಡು ತಿಂಗಳು. ಬೋರ್ ಕೊರೆದಾಗ ಮೇಲೆ ಬರುವ ಕಲ್ಲಿನ ಕೋಲುಗಳನ್ನು ತೊಳೆದು, ತಗಡಿನ ಟ್ರೇಗಳಲ್ಲಿ ಕ್ರಮವಾಗಿ ಜೋಡಿಸಿ, ಅಳೆದು, ಬರೆಯಬೇಕು. ಟ್ರೇಯ ಒಂದೊಂದು ಸಾಲೂ ಒಂದು ಮೀಟರ್. ಇದಕ್ಕೆ ಮೊದಲು ಹದಿನೆಂಟು ವರ್ಷ ಬಟ್ಟೆ ಅಂಗಡಿಯಲ್ಲಿ ಅಳೆದಿದ್ದೇನೆ. ಬಟ್ಟೆ ಎಳೆದರೆ ಹಿಗ್ಗುತ್ತದೆ, ಕಲ್ಲು ಹಿಗ್ಗುವುದಿಲ್ಲ. ಈ ಕೆಲಸ ನನಗೆ ಹಿಡಿಸಿದ್ದು ಅದಕ್ಕೇ.

ಹೋದ ವರ್ಷ ಗುಡ್ಡದಾಚೆ ದೊಡ್ಡ ಕಂಪನಿಯೊಂದಕ್ಕೆ ಕಲ್ಲಿದ್ದಲು ಸಿಕ್ಕಿತು. ಅದರ ಎಡಕ್ಕೂ ಬಲಕ್ಕೂ ಜಾಗ ಹಿಡಿದು ಎರಡು ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಜನ ಈ ಮೂರಕ್ಕೂ ಹಿರಿಸೊಸೆ, ನಡುಸೊಸೆ, ಕಿರಿಸೊಸೆ ಎಂದು ಹೆಸರಿಟ್ಟಿದ್ದಾರೆ. ನಾನಿರುವುದು ನಡುಸೊಸೆಯಲ್ಲಿ. ನಾನು ಹಾಗೆ ಕರೆಯುವುದಿಲ್ಲ. ಕಂಪನಿ ಎನ್ನುತ್ತೇನೆ.

ಇರುವುದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಮುಂದೆ ಭಾವನ ಲಾಂಡ್ರಿ. ತಿಂಗಳ ಮೊದಲ ದಿನ ಬಾಡಿಗೆಯನ್ನು ಕಪಾಟಿನ ಮೇಲೆ ಇಡುತ್ತೇನೆ. ಅಕ್ಕ ಬೇಡ ಎನ್ನುತ್ತಾಳೆ, ನಾನು ಇಡುತ್ತೇನೆ.

ಮಾರ್ಚ್ ೬, ಗುರುವಾರ

ನಾಲ್ಕನೇ ಬೋರಿನಲ್ಲಿ ಕಪ್ಪು ಬಂತು.

ಹನ್ನೊಂದೂವರೆಗೆ ಡ್ರಿಲ್ಲರ್ ಟ್ರೇಗಳನ್ನು ತಂದಿಳಿಸಿದ. ಮಾತಿಲ್ಲದ ಮುದುಕ. ಒಂದು ಸಲಕ್ಕೆ ಮೂರು ಮೀಟರ್ ಎಳೆಯುತ್ತಾನೆ. ಎಳೆತ ಮುಗಿದಲ್ಲೆಲ್ಲ ಆಳ ಬರೆದ ಮರದ ಬಿಲ್ಲೆಯೊಂದನ್ನು ಇಡುತ್ತಾನೆ. ಈ ಸಲ ಬಂದದ್ದು ಕೋಲಲ್ಲ, ಪುಡಿ. ಮುಟ್ಟಿದಲ್ಲಿ ಉದುರುವ, ಹೊಳೆಯುವ ಪುಡಿ. ಬಿಲ್ಲೆಗಳು ಅದರ ನಡುವೆ ಅಡ್ಡಾದಿಡ್ಡಿ ಹೂತುಹೋಗಿದ್ದವು, ಸಾಲುಗಳು ತುಂಬಿ ಹೊರಗೆ ಚೆಲ್ಲುತ್ತಿದ್ದವು. ನೋಡಲಾಗಲಿಲ್ಲ. ಎರಡು ಬಿಲ್ಲೆಗಳನ್ನೂ ತೆಗೆದು, ತೊಳೆದು, ಟ್ರೇಯ ಅಂಚಿನಲ್ಲಿ ಜೋಡಿಸಿಟ್ಟೆ. ಪುಡಿಯನ್ನು ಮುಂದಿನ ಸಾಲುಗಳಿಗೆ ಒಂದೇ ಸಮ ಹರಡಿದೆ. ಆಮೇಲೆ ಚೊಕ್ಕವಾಗಿ ಕಂಡಿತು.

ಟೋಪಿ ಓಡಿ ಬಂದರು. ನಮ್ಮ ಭೂವಿಜ್ಞಾನಿ. ಬಿಸಿಲಿರಲಿ ಇಲ್ಲದಿರಲಿ ತಲೆಯ ಮೇಲೆ ಅಗಲದ ಟೋಪಿ ಇರುವುದರಿಂದ ಊರಿಗೆಲ್ಲ ಅದೇ ಹೆಸರು. ಟೇಪಿನ ಒಂದು ತುದಿ ನನಗೆ ಕೊಟ್ಟರು. ಮೇಲಿನ ಬಿಳಿ ಕಲ್ಲಿನಿಂದ ಕೆಳಗಿನ ಬೂದು ಕಲ್ಲಿನವರೆಗೆ ಅಳೆದೆವು. ಸಾಲು ಸಾಲಾಗಿ ಕೂಡಿಸಿದೆ.

"ಎಷ್ಟು ಮೇಡಂ?"

"ಐದು ಎಪ್ಪತ್ತು."

ಅವರು ಟ್ರೇಯ ಪಕ್ಕದಲ್ಲಿ ನೆಲದ ಮೇಲೇ ಕುಳಿತುಬಿಟ್ಟರು. ಐದು ಮೀಟರಿಗಿಂತ ತೆಳುವಾಗಿದ್ದರೆ ಆ ಆಳದಿಂದ ತೆಗೆಯುವ ಖರ್ಚೂ ಹುಟ್ಟುವುದಿಲ್ಲವಂತೆ. ನಾನು ಪುಸ್ತಕದಲ್ಲಿ ೫.೭೦ ಎಂದು ಬರೆದು ಸಹಿ ಹಾಕಿದೆ.

ಮಾರ್ಚ್ ೮, ಶನಿವಾರ

ಮಧ್ಯಾಹ್ನದ ಊಟಕ್ಕೆ ಭಾವ ಲಾಂಡ್ರಿಯಿಂದ ಬಂದು ಕುಳಿತರು. ಅವರು ಮಾತಾಡುತ್ತಾರೆ, ಅಕ್ಕ ಬಡಿಸುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಈ ಮನೆಯ ಊಟ ಅಂದರೆ ಅಷ್ಟೇ. ಇವತ್ತು ಪೇಟೆಯ ಸುದ್ದಿ. ಕಿರಿಸೊಸೆಯ ಷೇರು ಇಳಿಯಿತಂತೆ, ನಡುಸೊಸೆಯ ನಾಲ್ಕನೇ ಬೋರಿನಲ್ಲಿ ಏನೋ ಸಿಕ್ಕಿದೆಯಂತೆ, ಒಳ್ಳೆಯ ದಪ್ಪವೇ ಇರಬೇಕಂತೆ. ನನ್ನ ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ತಟ್ಟೆ ಒರೆಸುತ್ತ ಹೂಂ ಎಂದೆ.

ಭಾವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಉಂಡರು. ಕೈ ತೊಳೆದು, ನೆನೆಹಾಕಿದ ಬಟ್ಟೆಯನ್ನೂ ನೋಡದೆ ಸೀದಾ ಹೊರಗೆ ಹೋದರು.

ಮಾರ್ಚ್ ೧೧, ಮಂಗಳವಾರ

ಕಂಪನಿ ಪ್ರಕಟಣೆ ಹೊರಡಿಸಿತು. "ನಾಲ್ಕನೇ ಬೋರಿನಲ್ಲಿ ೫.೭೦ ಮೀಟರ್ ದಪ್ಪದ ಪದರ." ನಾನು ಬರೆದ ಅಂಕಿ, ಅಚ್ಚಿನಲ್ಲಿ. ಸ್ಟೇಷನರಿ ಅಂಗಡಿಯ ಏಜೆಂಟ್ ಹಲಗೆಯ ಮೇಲೆ ಷೇರಿನ ಬೆಲೆಯನ್ನು ಬೆಳಿಗ್ಗೆಯಿಂದ ಮೂರು ಸಲ ಅಳಿಸಿ ಬರೆದನಂತೆ.

ಭಾವ ಶನಿವಾರವೇ ಕೊಂಡಿದ್ದರು. ಲಾಂಡ್ರಿಯ ಮುಂದೆ ಸೇರಿದ್ದ ಮೂರು ನಾಲ್ಕು ಜನರಿಗೆ ನನ್ನನ್ನು ತೋರಿಸಿ, "ನಮ್ಮನೆ ಮೌನಗೌರಿ. ವರ್ಷಕ್ಕೆ ಒಂದು ಮಾತಾಡ್ತಾಳೆ, ಅದೂ ಹೂಂ ಅಂತ. ಆದರೆ ಆ ಹೂಂ ಇದೆಯಲ್ಲ, ಬ್ಯಾಂಕಲ್ಲಿಟ್ಟ ಹಾಗೆ" ಎಂದರು. ಯಾರೋ ಟೋಪಿಯನ್ನು ನಂಬಬಹುದೇ ಎಂದು ಕೇಳಿದರು. "ಟೋಪಿ ಹಾಕ್ಕೊಂಡವನಿಗೆ ಹೆದರಬೇಡಿ, ಹಾಕೋನಿಗೆ ಹೆದರಿ. ಟೇಪು ಹಿಡಿದವಳು ಇವಳು. ಹದಿನೆಂಟು ವರ್ಷದಲ್ಲಿ ಗಿರಾಕಿಗೆ ಅರ್ಧ ಇಂಚು ಹೆಚ್ಚಿಗೆ ಬಿಟ್ಟವಳಲ್ಲ" ಎಂದರು ಭಾವ. ಎಲ್ಲರೂ ನಕ್ಕರು.

ಎದುರುಮನೆಯ ಟೀಚರಮ್ಮ ನನ್ನ ಕೈ ಹಿಡಿದುಕೊಂಡರು. ನಿವೃತ್ತಿಯಾದಾಗ ಬಂದದ್ದರಲ್ಲಿ ಅರ್ಧ ಹಾಕಿದ್ದಾರಂತೆ. ಶನಿವಾರ ಸಂಜೆಯೇ. "ನೀನು ಹೂಂ ಅಂದೆ ಅಂತ ನಿಮ್ಮ ಭಾವ ಹೇಳಿದರಲ್ಲ."

ಅಂಥ ಹೂಂ ಅಲ್ಲ ಅದು ಎಂದು ಆಗಲೇ ಹೇಳಬೇಕಿತ್ತು. ಅಂಕಿ ಸರಿಯಿದೆ, ಇನ್ನು ಹೂಂ ಯಾವುದಾದರೇನು ಎನಿಸಿತು. ಅಲ್ಲದೆ, ಅಲ್ಲ ಎಂದರೂ ಅದು ಶೆಡ್ಡಿನ ವಿಷಯವಾಗಿ ಬಾಯಿ ಬಿಟ್ಟ ಹಾಗೆಯೇ.

ಮಾರ್ಚ್ ೧೪, ಶುಕ್ರವಾರ

ಭಾವ ಲಾಂಡ್ರಿ ಮಾರುತ್ತಾರಂತೆ. ಜಾಗ, ಬಾಯ್ಲರು, ದೊಡ್ಡ ಮೆಷಿನ್ನು, ಇಸ್ತ್ರಿ ಮೇಜು, ಎಲ್ಲ. ಪೇಟೆಯ ಡ್ರೈಕ್ಲೀನರ್ ಕೊಳ್ಳುತ್ತಾನೆ. ಇಪ್ಪತ್ತೊಂಬತ್ತನೇ ತಾರೀಖು ಶನಿವಾರ ಕಾಗದಪತ್ರ. ಬಂದದ್ದನ್ನೆಲ್ಲ ನಡುಸೊಸೆಯ ಮೇಲೆ ಹಾಕುವುದು.

ಅಕ್ಕ ಈ ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದು ಇಪ್ಪತ್ತೆರಡು ವರ್ಷ. ಬಲಗೈ ಹೆಬ್ಬೆರಳು ಒಂದು ಕಡೆಗೆ ಸೊಟ್ಟಗಾಗಿದೆ. ಅವಳು ಕೂಗಾಡಲಿಲ್ಲ. "ಕಲ್ಲಿದ್ದಲು ತೆಗೆಯೋಕೆ ಶುರುವಾದರೆ ಊರಿನ ಬಟ್ಟೆಯೆಲ್ಲ ಕಪ್ಪಾಗುತ್ತೆ. ಆಗ ಲಾಂಡ್ರಿ ಇರೋನು ರಾಜ. ಈಗ ಮಾರ್ತಾರಾ?" ಎಂದಳು.

ಭಾವನಿಗೆ ನಗು ತಡೆಯಲಾಗಲಿಲ್ಲ. "ಆಗ ನಮ್ಮ ಬಟ್ಟೇನ ಬೇರೆಯವರು ಒಗೀತಾರೆ ಕಣೇ."

"ಆ ಕಲ್ಲಿದ್ದಲು ಇರೋದೇ ನಿಜ ಅಂತ ಯಾರು ಹೇಳಿದರು?"

"ಅಳೆದವಳು ಮನೇಲೇ ಇದಾಳೆ. ಕೇಳು."

ಅಕ್ಕ ನನ್ನ ಕಡೆ ತಿರುಗಿದಳು. ಕೇಳಲಿಲ್ಲ, ನೋಡಿದಳು ಅಷ್ಟೆ. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಾನು ಈ ಮನೆಯ ಬಾಡಿಗೆದಾರಳು. ಅವರ ಲಾಂಡ್ರಿ, ಅವರ ನಿರ್ಧಾರ.

ಮಾರ್ಚ್ ೧೮, ಮಂಗಳವಾರ

ಬರೆಯಲು ಕೂತು ಎರಡು ಸಲ ಎದ್ದೆ.

ಡ್ರಿಲ್ಲರ್ ದಿನಾ ಒಂದು ಹಾಳೆ ಬರೆದುಕೊಡುತ್ತಾನೆ. ಎಷ್ಟು ಕೊರೆದ, ಎಲ್ಲಿ ಕಲ್ಲು ಬದಲಾಯಿತು, ಎಷ್ಟು ಎಣ್ಣೆ ಸುಟ್ಟಿತು. ಅವನ ಅಕ್ಷರ ಓದಲು ಯಾರಿಗೂ ತಾಳ್ಮೆಯಿಲ್ಲ. ಹಾಳೆಗಳು ತಗಡಿನ ಪೆಟ್ಟಿಗೆಗೆ ಹೋಗುತ್ತವೆ. ಇವತ್ತು ಕೆಲಸವಿರಲಿಲ್ಲ. ತಾರೀಖಿನ ಪ್ರಕಾರ ಜೋಡಿಸೋಣ ಎಂದು ಪೆಟ್ಟಿಗೆ ತೆಗೆದೆ.

ಆರನೇ ತಾರೀಖು. ನಾಲ್ಕನೇ ಬೋರು. ಕಪ್ಪು ಶುರು: ೧೧೨.೪೦. ಕಪ್ಪು ಮುಗಿದದ್ದು: ೧೧೬.೫೦.

ಬೆರಳೆಣಿಸಿಯೂ ಕಳೆದು ನೋಡಿದೆ. ೪.೧೦.

ಮುದುಕನಿಗೆ ಅಂಕಿ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಆ ಟ್ರೇಗಳ ಹತ್ತಿರ ಹೋದೆ. ಬಿಲ್ಲೆಗಳು ಅಂಚಿನಲ್ಲಿ, ನಾನಿಟ್ಟಲ್ಲೇ ಇದ್ದವು. ಒಂದರ ಮೇಲೆ ೧೧೩, ಇನ್ನೊಂದರ ಮೇಲೆ ೧೧೬. ಬಹಳ ಚೊಕ್ಕವಾಗಿ, ಬಟ್ಟೆ ಅಂಗಡಿಯ ಕೌಂಟರಿನ ಮೇಲೆ ಇಟ್ಟ ಹಾಗೆ.

ಮಾರ್ಚ್ ೧೯, ಬುಧವಾರ

ಡ್ರಿಲ್ಲರನನ್ನು ಹುಡುಕಿಕೊಂಡು ಹೋದೆ. ಐದನೇ ಬೋರಿನ ಹತ್ತಿರ ಮೆಷಿನ್ನಿನ ನೆರಳಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ನಿಮ್ಮ ಹಾಳೆಯಲ್ಲಿ ನಾಲ್ಕು ಹತ್ತು, ನನ್ನ ಟ್ರೇಯಲ್ಲಿ ಐದು ಎಪ್ಪತ್ತು, ಹೇಗೆ ಎಂದು ಕೇಳಿದೆ.

ಅವನು ಲೋಟ ಕೆಳಗಿಟ್ಟ. "ಒಂದು ಸೇರು ಕಾಳು ಬೀಸಿದರೆ ಹಿಟ್ಟು ಎಷ್ಟಾಗುತ್ತಮ್ಮ?"

"ಸೇರಿಗಿಂತ ಹೆಚ್ಚು."

"ಕಾಳು ಹೆಚ್ಚಾಯ್ತಾ?"

"ಇಲ್ಲ."

"ಭೂಮಿ ಒಳಗೆ ಅದು ಕಾಳು. ನಿಮ್ಮ ಟ್ರೇಲಿ ಹಿಟ್ಟು. ಅದಕ್ಕೇ ಅಲ್ಲವಾ ನಾನು ಬಿಲ್ಲೆ ಇಡೋದು? ಎರಡು ಬಿಲ್ಲೆ ಮಧ್ಯೆ ಮೂರೇ ಮೀಟರು, ಅದು ಎಷ್ಟೇ ಉಬ್ಬಿರಲಿ. ಬಿಲ್ಲೆ ನೋಡಿಲ್ಲವಾ ಟೋಪಿ?"

ನೋಡಲು ಬಿಲ್ಲೆಗಳೇ ಅಲ್ಲಿರಲಿಲ್ಲ ಎಂದು ಹೇಳಲಿಲ್ಲ. ಹೂಂ ಎಂದೆ.

ಮಾರ್ಚ್ ೨೨, ಶನಿವಾರ

ಏನೂ ಮಾಡಿಲ್ಲ.

ಕೆಲಸದಿಂದ ಬರುವಾಗ ಏಜೆಂಟನ ಹಲಗೆ ನೋಡಿದೆ. ನಾನು ಅತ್ತ ನೋಡಿದ್ದು ಇದೇ ಮೊದಲು ಇರಬೇಕು. ಬೆಲೆ ಇನ್ನೂ ಏರುತ್ತಿದೆ. ಹೀಗೇ ಏರಿದರೆ ಭಾವ ಮೊದಲು ಕೊಂಡದ್ದನ್ನು ಮಾರಿಬಿಡಬಹುದು, ಟೀಚರಮ್ಮನೂ ಮಾರಬಹುದು, ಯಾರಿಗೂ ಏನೂ ಆಗುವುದಿಲ್ಲ. ಐದನೇ ಬೋರು ಇನ್ನು ಮೂರು ನಾಲ್ಕು ದಿನದಲ್ಲಿ ಆ ಆಳ ಮುಟ್ಟುತ್ತದೆ. ಅಲ್ಲಿ ಸುಮಾರು ಆರು ಮೀಟರ್ ಬಂದರೆ ನಾಲ್ಕನೆಯದು ಯಾರ ನೆನಪಿನಲ್ಲಿರುತ್ತದೆ? ನಡುಸೊಸೆಗೆ ಅದೃಷ್ಟವಿದ್ದರೆ ಬರಬಹುದು. ಬರುತ್ತದೆ.

ಮಾರ್ಚ್ ೨೪, ಸೋಮವಾರ

ಟೋಪಿಗೆ ಹೇಳಿದೆ. ಡ್ರಿಲ್ಲರನ ಹಾಳೆಯನ್ನೂ ಎರಡು ಬಿಲ್ಲೆಗಳನ್ನೂ ಅವರ ಮೇಜಿನ ಮೇಲೆ ಇಟ್ಟು, ಬಿಲ್ಲೆ ತೆಗೆದದ್ದು ನಾನು ಎಂದೆ.

ಅವರು ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು. ತಲೆ ನಡುವೆ ಕೂದಲಿಲ್ಲ. ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು. ತಾನು ಹಾಳೆ ನೋಡಬೇಕಿತ್ತು, ಬಿಲ್ಲೆ ಎಲ್ಲಿ ಎಂದು ಕೇಳಬೇಕಿತ್ತು, ಓದಿದವನು ತಾನು, ನೀವಲ್ಲ ಎಂದರು. ಮೇಲಿನವರಿಗೆ ಇವತ್ತೇ ತಿಳಿಸುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ ಎಂದರು.

ಹೂಂ ಎನ್ನಲು ಬಾಯಿ ತೆರೆದೆ. ತಡೆದೆ.

ಮಾರ್ಚ್ ೨೭, ಗುರುವಾರ

ಐದನೇ ಬೋರು ಕಪ್ಪು ಮುಟ್ಟಿತು. ಬಿಲ್ಲೆಯಿಂದ ಬಿಲ್ಲೆಗೆ ಅಳೆದೆ. ೦.೮೦.

ಮೇಲಿನವರ ಉತ್ತರ ಬಂದಿದೆ. ತಿದ್ದುಪಡಿಯನ್ನು ಮುಂದಿನ ತಿಂಗಳ ಪ್ರಕಟಣೆಯಲ್ಲಿ, ಹದಿನಾರನೇ ತಾರೀಖಿಗೆ, ಐದನೇ ಬೋರಿನ ವರದಿಯ ಜೊತೆಗೆ ಸೇರಿಸುತ್ತಾರಂತೆ. ಅಲ್ಲಿಯವರೆಗೆ ಶೆಡ್ಡಿನವರಿಗೆ ಅವರು ಸಹಿ ಹಾಕಿದ ಕಾಗದ ನೆನಪಿರಲಿ ಎಂದಿದ್ದಾರೆ. ಟೋಪಿ ಇದನ್ನು ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಶನಿವಾರಕ್ಕೆ ಎರಡು ದಿನ. ಹದಿನಾರಕ್ಕೆ ಇಪ್ಪತ್ತು.

ಮನೆಗೆ ಬಂದಾಗ ಭಾವ ಬಾಯ್ಲರನ್ನು ಹೊಸ ಬಟ್ಟೆಯಿಂದ ಒರೆಸುತ್ತಿದ್ದರು. ಕೊಳ್ಳುವವನಿಗೆ ಚೆನ್ನಾಗಿ ಕಾಣಲಿ ಎಂದು.

ಮಾರ್ಚ್ ೨೮, ಶುಕ್ರವಾರ

ಮಧ್ಯಾಹ್ನ ರಜೆ ಹಾಕಿ ಬಂದೆ. ಭಾವ ಪೇಟೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಇಸ್ತ್ರಿ ಮೇಜಿನ ಹತ್ತಿರ ಇದ್ದಳು. ಆಸ್ಪತ್ರೆಯ ಬಿಳಿ ಕೋಟುಗಳ ರಾಶಿ. ನಾನು ಎದುರಿಗೆ ನಿಂತು ಮಡಿಸತೊಡಗಿದೆ. ಆರನೇ ಕೋಟಿನವರೆಗೆ ಬಾಯಿ ಬರಲಿಲ್ಲ.

ಆಮೇಲೆ ಎಲ್ಲ ಹೇಳಿದೆ. ಪುಡಿ, ಬಿಲ್ಲೆ, ನಾಲ್ಕು ಹತ್ತು, ಸೊನ್ನೆ ಎಂಬತ್ತು, ಹದಿನಾರನೇ ತಾರೀಖು. ಭಾವನಿಗೆ ನಾನು ಅಂದ ಹೂಂ. ಅಷ್ಟು ಹೊತ್ತು ಒಂದೇ ಸಮನೆ ನಾನು ಯಾವತ್ತೂ ಮಾತಾಡಿರಲಿಲ್ಲವೆಂದು ಕಾಣುತ್ತದೆ.

ಅಕ್ಕ ಇಸ್ತ್ರಿ ನಿಲ್ಲಿಸಲಿಲ್ಲ. ಕಾಲರು, ತೋಳು, ಬೆನ್ನು. ಕೋಟನ್ನು ನನ್ನ ಕಡೆ ತಳ್ಳಿ, "ಹೂಂ" ಎಂದಳು.

ಇನ್ನೊಂದು ಕೋಟು ಎತ್ತಿಕೊಂಡಳು. ನಂಬಿದೆ ಎಂದೋ, ಸಾಕು ನಿಲ್ಲಿಸು ಎಂದೋ, ಗಂಡ ಕೇಳುವವನಲ್ಲ ಎಂದೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಇಷ್ಟು ವರ್ಷ ನನ್ನೆದುರು ಕೂತವರಿಗೆಲ್ಲ ಹೀಗೇ ಆಗಿರಬೇಕು.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಏಳುವಾಗಲೇ ಬಾಯ್ಲರಿನ ಸದ್ದು ಕೇಳುತ್ತಿತ್ತು. ಮಾರುವ ದಿನ ಯಾರೂ ಬಾಯ್ಲರು ಹಚ್ಚುವುದಿಲ್ಲ. ಶೆಡ್ಡಿಗೆ ಹೋಗಲಿಲ್ಲ, ಲಾಂಡ್ರಿಗೆ ಹೋಗಿ ಅಕ್ಕನ ಎದುರು ನಿಂತು ಮಡಿಸಿದೆ.

ಹತ್ತು ಗಂಟೆಗೆ ಭಾವ ಡ್ರೈಕ್ಲೀನರನನ್ನು ಕರೆದುಕೊಂಡು ಬಂದರು. ಒಳಗೆಲ್ಲ ಆವಿ. ದೊಡ್ಡ ಮೆಷಿನ್ನು ತುಂಬಿ ತಿರುಗುತ್ತಿತ್ತು. ಭಾವ ನಗುತ್ತಲೇ ಇದೇನು ಕೊನೆಯ ದಿನದ ಉತ್ಸಾಹ ಎಂದು ಕೇಳಿದರು.

"ಮೂವತ್ತೆರಡು ಮನೆ ಬಟ್ಟೆ ಒಳಗಿದೆ," ಎಂದಳು ಅಕ್ಕ. "ಸೋಮವಾರ ಕೊಡ್ತೀನಿ ಅಂತ ಚೀಟಿ ಬರೆದಿದೀನಿ. ಮೂವತ್ತೆರಡು ಮನೆಗೆ ಸುಳ್ಳು ಹೇಳಲ್ಲ."

"ಇವರು ಕೊಡ್ತಾರೆ ಬಿಡೆ."

"ಚೀಟೀಲಿ ನನ್ನ ಕೈಬರಹ ಇದೆ. ಯಾಕೆ ಮಾರಬಾರದು ಅಂತ ಅವಳನ್ನ ಕೇಳಿ."

ಭಾವ ನನ್ನ ಕಡೆ ತಿರುಗಿದರು. ಕೈಯಲ್ಲಿ ಯಾರದೋ ದಿಂಬಿನ ಚೀಲವಿತ್ತು, ಅದನ್ನೇ ನೋಡುತ್ತ ಹೇಳಿದೆ. "ಐದು ಎಪ್ಪತ್ತಲ್ಲ ಭಾವ. ನಾಲ್ಕು ಹತ್ತು. ಅಳತೆ ತಪ್ಪಿದ್ದು ನನ್ನಿಂದ. ಲಾಂಡ್ರಿ ಮಾರಬೇಡಿ."

ಮೆಷಿನ್ನು ಒಂದು ಸುತ್ತು ಮುಗಿಸಿ ನಿಂತಿತು. ಡ್ರೈಕ್ಲೀನರ್, ಮನೆಯವರು ಮಾತಾಡಿಕೊಳ್ಳಿ ಎಂದು ಕೊಡೆ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ಒಂದು ಕ್ಷಣ ನಿಂತು, ನಾಲ್ಕು ಹತ್ತು ಅಂದಿರಾ ಎಂದು ಇನ್ನೊಮ್ಮೆ ಕೇಳಿಕೊಂಡ. ಅವನೂ ಕೊಂಡಿದ್ದಾನೆಂದು ಆಗ ಹೊಳೆಯಿತು.

"ಆವತ್ತು ಹೂಂ ಅಂದೆಯಲ್ಲ," ಎಂದರು ಭಾವ. ಕೂಗಲಿಲ್ಲ. ಕೂಗಿದ್ದರೆ ಸುಲಭವಿತ್ತು.

"ಕೇಳಿಸ್ಕೊಳ್ತಿದೀನಿ ಅಂತ ಅಂದೆ ಭಾವ. ಹೌದು ಅಂತ ಅಲ್ಲ."

"ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದಕ್ಕೆಲ್ಲ ನೀನು ಅಂದ ಹೂಂ?"

ನಾನು ದಿಂಬಿನ ಚೀಲವನ್ನು ಮತ್ತೊಮ್ಮೆ ಮಡಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮಧ್ಯಾಹ್ನ ಟೀಚರಮ್ಮನ ಮನೆಗೆ ಹೋಗಿ ಅದನ್ನೇ ಹೇಳಿದೆ. ಒಂದು ಪ್ರಶ್ನೆ ಕೇಳದೆ, ಸೀರೆಯ ನೆರಿಗೆಯನ್ನೂ ಸರಿಪಡಿಸಿಕೊಳ್ಳದೆ ಏಜೆಂಟನ ಹತ್ತಿರ ಓಡಿದರು. ಎಲ್ಲ ಮಾರಿ ಬಂದರಂತೆ. ಒಳ್ಳೆಯ ಬೆಲೆಗೇ. ಅವನ್ನು ಕೊಂಡವರು ಯಾರೋ ಗೊತ್ತಿಲ್ಲ. ಅವರ ಮನೆಯಲ್ಲೂ ಯಾರೋ ಹೂಂ ಅಂದಿರಬೇಕು.

ಏಪ್ರಿಲ್ ೨, ಬುಧವಾರ

ಹೊರಗೆ ಹೇಳಿದ್ದೇನೆ ಎಂದು ಕಂಪನಿಗೆ ನಾನೇ ಬರೆದುಕೊಟ್ಟೆ. ಕೆಲಸ ಹೋಯಿತು. ಡ್ರಿಲ್ಲರ್ ಗೇಟಿನವರೆಗೆ ಬಂದು ಏನೋ ಕೈಗಿತ್ತ. ಬಿಲ್ಲೆ. ಏನೂ ಬರೆಯದ, ಹೊಸದು.

ಭಾವ ಲಾಂಡ್ರಿ ಮಾರಲಿಲ್ಲ, ಆದರೆ ಮಾತು ಬಿಟ್ಟಿದ್ದಾರೆ. ಊಟದ ಹೊತ್ತಿನಲ್ಲಿ ತಟ್ಟೆಗಳ ಸದ್ದು ಇಷ್ಟು ಜೋರೆಂದು ಗೊತ್ತಿರಲಿಲ್ಲ. ಮೊದಲು ಕೊಂಡ ಷೇರುಗಳನ್ನು ಅವರು ಮಾರಿಲ್ಲ. ಅಕ್ಕ ಹೇಳಿದಳು, ನೀನೂ ಹೇಳಬೇಡ, ಅದು ಅವರ ಹಟ, ಅವರೇ ನುಂಗಲಿ ಎಂದು.

ನಿನ್ನೆ ಒಂದನೇ ತಾರೀಖು. ಕಪಾಟಿನ ಮೇಲೆ ಏನೂ ಇಡಲಿಲ್ಲ ಎಂದು ಇವತ್ತು ನೆನಪಾಯಿತು. ಬೆಳಿಗ್ಗೆಯಿಂದ ಕಾಲೇಜು ಹಾಸ್ಟೆಲಿನ ಬೆಡ್‌ಶೀಟುಗಳು. ನಮ್ಮ ಮೆಷಿನ್ನಿಗೆ ಒಂದು ಸಲಕ್ಕೆ ಹದಿನಾಲ್ಕು ಹಾಕಬಹುದು, ಹದಿನೈದು ಹಾಕಿದರೆ ಬೆಲ್ಟ್ ಕಿರುಗುಟ್ಟುತ್ತದೆ.

ಏಪ್ರಿಲ್ ೧೬, ಬುಧವಾರ

ತಿದ್ದುಪಡಿ ಬಂತು. ಮೂರನೇ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ೪.೧೦. ಸಣ್ಣ ಅಕ್ಷರವನ್ನೂ ಜನ ಓದಿದರು. ಮಧ್ಯಾಹ್ನದ ಹೊತ್ತಿಗೆ ಏಜೆಂಟ್ ಹಲಗೆಯನ್ನು ಒಳಗೆ ಎತ್ತಿಟ್ಟುಕೊಂಡನಂತೆ. ಡ್ರೈಕ್ಲೀನರ್ ಪೇಟೆಯಲ್ಲಿ ನನ್ನನ್ನು ಕಂಡು ರಸ್ತೆ ದಾಟಿ ಆಚೆ ಹೋದ. ಅವನು ಮಾರಿದನೋ ಇಲ್ಲವೋ ಗೊತ್ತಿಲ್ಲ.

ಭಾವ ಷೇರಿನ ಕಾಗದಗಳನ್ನು ಲಾಂಡ್ರಿಯ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಹಾಸಿದ್ದಾರೆ. ಡ್ರಾಯರು ಜಾರುತ್ತಿತ್ತು, ಈಗ ಸರಿಯಾಗಿ ಕೂರುತ್ತದೆ.

ಏಪ್ರಿಲ್ ೨೦, ಭಾನುವಾರ

ಲಾಂಡ್ರಿಯ ಹಿಂದಿನ ನೀರು ಹೋಗುವ ಪೈಪು ಕಟ್ಟಿಕೊಂಡಿದೆ. ನಮ್ಮ ಅಂಗಳದಲ್ಲೆಲ್ಲ ಸೋಪಿನ ನೊರೆ. ಊಟಕ್ಕೆ ಕುಳಿತಾಗ ಭಾವ ತಟ್ಟೆಯನ್ನೇ ನೋಡುತ್ತ ಶುರು ಮಾಡಿದರು. ಪೈಪು ಹಳೆಯದೇನಲ್ಲ, ಉದ್ದದ ಕಂಬಿ ಹಾಕಿ ತಿವಿದರೆ ಬಿಡುತ್ತದೆ, ಹೋದ ಸಲವೂ ಬಿಟ್ಟಿತ್ತು, ಈಗಿನ ಪ್ಲಂಬರುಗಳಿಗೆ ಬದಲಾಯಿಸು ಎನ್ನುವುದೊಂದೇ ಗೊತ್ತು. ಮೂರು ವಾರದ ಮೇಲೆ ಅವರ ದನಿ ಕೇಳುತ್ತಿರುವುದು. ಅಭ್ಯಾಸಬಲ, ನಾನು ಹೂಂ ಎಂದೆ.

ಭಾವ ನಿಲ್ಲಿಸಿದರು. ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು.

"ಇದು ಯಾವ ಹೂಂ?"

ಮುಖದಲ್ಲಿ ನಗುವಿರಲಿಲ್ಲ. ಕೋಪವೂ ಇತ್ತೆಂದು ಹೇಳಲಾರೆ.

"ಕೇಳಿಸ್ಕೊಳ್ತಿದೀನಿ ಅಂತ," ಎಂದೆ. "ಆದರೆ ನೀವು ಹೇಳೋದು ಸರಿಯಲ್ಲ ಭಾವ. ಆ ಪೈಪು ಒಡೆದಿದೆ. ಬೆಳಿಗ್ಗೆ ಕೈ ಹಾಕಿ ನೋಡಿದೆ. ಕಂಬಿ ಹಾಕಿದರೆ ಪೂರ್ತಿ ಹೋಗುತ್ತೆ. ಬದಲಾಯಿಸಲೇಬೇಕು."

ಅವರು ಅನ್ನ ಕಲಸಿದರು. ಆಮೇಲೆ, "ಹೂಂ" ಎಂದರು.

ಯಾವುದು ಎಂದು ನಾನು ಕೇಳಲಿಲ್ಲ. ನಾಳೆ ಪ್ಲಂಬರ್ ಬಂದರೆ ಗೊತ್ತಾಗುತ್ತದೆ.